ಮೆಕ್ಸಿಕೋ ಸಂತೆಯಲ್ಲಿ ಬಣ್ಣದ ವೇಷ

ಯಾವುದೇ ದೇಶಕ್ಕೆ ಹೋಗುವ ಮುನ್ನ ಅಲ್ಲಿನ ಭಾಷೆ ಕಲಿಯಬೇಕು ಎಂಬುದು ನನ್ನ ಸಿದ್ಧಾಂತ. ಆ ವರ್ಷದ ಬೇಸಿಗೆ ರಜೆಗೆ ಮೆಕ್ಸಿಕೋಗೆ ಹೋಗುವುದೆಂದು ಮನೆಯಲ್ಲಿ ತೀರ್ಮಾನವಾದ ಕೂಡಲೇ ಫೋನಿಗೆ ಸ್ಪ್ಯಾನಿಷ್ ಕಲಿಸುವ ಆ್ಯಪ್ ಇಳಿಸಿಕೊಂಡೆ. ಲಂಡನ್ನಿನ ರೇನರ್ಸ್ ಲೇನ್‌ನಿಂದ ಆಫೀಸಿಗೆ ಹೋಗುವ ಸುರಂಗ ರೈಲಾದ ಟ್ಯೂಬ್‌ನಲ್ಲಿ ಕೂತು "ಬೆಕ್ಕು ಹಾಲು ಕುಡಿಯುತ್ತದೆ", "ನನ್ನ ಚಿಕ್ಕಪ್ಪ ವಕೀಲರು" ಮುಂತಾದ ಅತ್ಯಗತ್ಯ ವಾಕ್ಯಗಳನ್ನು ಸ್ಪ್ಯಾನಿಷ್‌ನಲ್ಲಿ ಗಟ್ಟಿಯಾಗಿ ಒಪ್ಪಿಸುತ್ತಿದ್ದೆ. ಎದುರು ಕೂತವರು ಮೆಲ್ಲಗೆ ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದರು. ನಾನು ಲಕ್ಷ್ಯ ಕೊಡಲಿಲ್ಲ. ವಿದ್ಯಾರ್ಜನೆಗೆ ಇಂಥ ವಿಘ್ನಗಳು ಸಹಜ!

ಆದರೆ ಮೆಕ್ಸಿಕೋ ಕೈಕೊಟ್ಟಿತು. ಕುಂದಾಪುರದಲ್ಲಿದ್ದ ನಮ್ಮತ್ತೆಗೆ ಅದೇ ಹೊತ್ತಿಗೆ ಸರಿಯಾಗಿ ವೀಸಾ ಬಂತು. ಮಗಳ ಸಂಸಾರ ನೋಡಲು ಅವರು ಮೊದಲ ಸಲ ಲಂಡನ್ನಿಗೆ ಬರುವಾಗ ನಾವು ಮೆಕ್ಸಿಕೋಗೆ ಹಾರಲಾಗುತ್ತದೆಯೇ? ರಜೆ ರದ್ದಾಯಿತು. ನನ್ನ ಸ್ಪ್ಯಾನಿಷ್ ಮಾತ್ರ ಉಳಿಯಿತು, ಮದುವೆ ನಿಂತುಹೋದ ಮನೆಯಲ್ಲಿ ಲಾಡು ಉಳಿದ ಹಾಗೆ.

ಅತ್ತೆ ಬಂದರು. ಅರಮನೆ, ಸೇತುವೆ, ನದಿ, ಗಡಿಯಾರದ ಗೋಪುರ ಎಲ್ಲವನ್ನೂ ತೋರಿಸಿದೆವು. ಪ್ರತಿಯೊಂದನ್ನೂ ನೋಡಿ ಅವರು "ಹೌದಾ" ಎಂದರು. ಅದಾದ ಮೇಲೆ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು. "ಈ ಊರಂಗೆ ಮನುಷ್ಯರೇ ಇಲ್ಯಾ? ಬರೀ ಕಾರೇ ಕಾಂತ್!" ಎಂದರು. ಊಟ ಕಡಿಮೆಯಾಯಿತು. ಮಿಕ್ಸಿಯ ಚಟ್ನಿ ನಾಲಿಗೆಗೆ ಹಿಡಿಸುತ್ತಿಲ್ಲ ಎಂದರು. ಮಾತು ಕಡಿಮೆಯಾಯಿತು. ನಗುವಂತೂ ಏರ್‌ಪೋರ್ಟಿನಲ್ಲೇ ಉಳಿದಿತ್ತು. ಒಂದು ಸಂಜೆ ನನ್ನ ಹೆಂಡತಿ ವಿನುತಾಳ ಹತ್ತಿರ ಮೆಲ್ಲಗೆ, "ಟಿಕೆಟ್ ಸ್ವಲ್ಪ ಮುಂಚೆ ಮಾಡುಕೆ ಆತ್ತಾ ಕಾಣ್ ಮಗಾ" ಎಂದರು. ವಿನುತಾ "ನೋಡ್ತೀನಮ್ಮ" ಎಂದು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ತಿರುಗಿಸಿ ನಿಂತಳು. ತೊಳೆಯಲು ಒಂದು ಲೋಟವೂ ಇರಲಿಲ್ಲ. ಅಮ್ಮ ಬರಲೆಂದು ಅವಳು ಎಷ್ಟು ವರ್ಷ ಕಾದಿದ್ದಳೆಂದು ನನಗೆ ಗೊತ್ತಿತ್ತು.

ಆಗಲೇ ಕಣ್ಣಿಗೆ ಬಿದ್ದದ್ದು ಆ ಸುದ್ದಿ. ದಕ್ಷಿಣ ಲಂಡನ್ನಿನಲ್ಲಿ, ರೈಲು ಸೇತುವೆಯ ಕಮಾನುಗಳ ಕೆಳಗೆ, ಭಾನುವಾರ ಮೆಕ್ಸಿಕೋದವರ ಸಂತೆ! ಅಲ್ಲಿನ ಸಾಂಪ್ರದಾಯಿಕ ಅಡುಗೆ, ನೇಯ್ಗೆ, ಮಡಕೆ, ಸಂಗೀತ! ನಾನು ಸೋಫಾದಿಂದ ಹಾರಿ ಎದ್ದೆ.

"ವಿನು, ಮೆಕ್ಸಿಕೋಗೆ ಹೋಗೋಣ! ವೀಸಾ ಬೇಡ, ವಿಮಾನ ಬೇಡ. ಟ್ಯೂಬ್ ಸಾಕು!"

"ಅಮ್ಮ ಬರ್ತಾರಾ ಅಂತ ನೋಡಬೇಕು ರೀ."

"ಅತ್ತೆಯ ಸಂಪೂರ್ಣ ಜವಾಬ್ದಾರಿ ನನ್ನದು. ಭಾಷೆ ಬಲ್ಲವನು ನಾನೊಬ್ಬನೇ ತಾನೆ?"

ಸೆಕೆಂಡರಿ ಶಾಲೆಯಲ್ಲಿ ಓದುತ್ತಿರುವ ಮಗಳು ಇಂಚರ ಫೋನಿನಿಂದ ತಲೆಯೆತ್ತಿ, "ಅಪ್ಪಾ, ಐ ಡೂ ಸ್ಪ್ಯಾನಿಷ್ ಅಟ್ ಸ್ಕೂಲ್" ಎಂದಳು.

"ಶಾಲೆಯ ಸ್ಪ್ಯಾನಿಷ್ ಬೇರೆ, ಬದುಕಿನ ಸ್ಪ್ಯಾನಿಷ್ ಬೇರೆ ಪುಟ್ಟಾ" ಎಂದು ಅವಳ ತಲೆ ಸವರಿದೆ. ಆ ಕ್ಷಣದಲ್ಲಿ ನನ್ನ ಮುಖದಲ್ಲಿ ಎಂಥ ತೇಜಸ್ಸಿತ್ತೋ ಏನೋ. ಆಮೇಲೆ ನನ್ನ ಮುಖಕ್ಕೆ ಬಂದ ತೇಜಸ್ಸಿನ ಬಗ್ಗೆ ಮುಂದೆ ಹೇಳುತ್ತೇನೆ.

ಭಾನುವಾರ ಅಪರೂಪದ ಬಿಸಿಲು. ನಾನು ಹೊಸ ಬಿಳಿ ಅಂಗಿ ತೊಟ್ಟೆ. ಅತ್ತೆ ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಮೊಮ್ಮಗಳ ಹಳೆಯ ಸ್ಪೋರ್ಟ್ಸ್ ಶೂ ಹಾಕಿಕೊಂಡು, ಕಷಾಯ ಕುಡಿಯಲು ಹೊರಟವರ ಮುಖ ಮಾಡಿಕೊಂಡು ಬಂದರು.

ಸಂತೆಯ ಬಾಗಿಲಲ್ಲೇ ನನಗೆ ರೋಮಾಂಚನವಾಯಿತು. ತಲೆಯ ಮೇಲೆ ಚಿತ್ತಾರ ಕೊರೆದ ಬಣ್ಣದ ಕಾಗದದ ತೋರಣ. ಒಂದು ಕಮಾನಿನಲ್ಲಿ ಡೋಲು, ಗಿಟಾರು. ಇನ್ನೊಂದರಲ್ಲಿ ಹೂವಿನ ಚಿತ್ರ ಬರೆದ ತಲೆಬುರುಡೆಗಳು ಸಾಲಾಗಿ ಕೂತು ನಗುತ್ತಿದ್ದವು. ಎಲ್ಲ ಕಡೆ ಸುಟ್ಟ ಮೆಕ್ಕೆಜೋಳದ ಘಮ. "ಮೆಕ್ಸಿಕೋದಿಂದ ಬಂದದ್ದಕ್ಕೇ ಅತ್ತೆ, ಅದಕ್ಕೆ ಮೆಕ್ಕೆಜೋಳ ಅನ್ನೋ ಹೆಸರು" ಎಂದು ಪ್ರವಚನ ಆರಂಭಿಸಿದೆ. ಯಾವ ಪುಸ್ತಕದಲ್ಲಿದೆ ಎಂದು ಯಾರೂ ಕೇಳಲಿಲ್ಲ. ಕೇಳದಿದ್ದುದೇ ಒಳ್ಳೆಯದಾಯಿತು.

ಅತ್ತೆ ನನ್ನ ಪ್ರವಚನ ಕೇಳುತ್ತಲೇ ಇರಲಿಲ್ಲ. ಅವರು ಒಂದು ಅಂಗಡಿಯ ಮುಂದೆ ಗಕ್ಕನೆ ನಿಂತಿದ್ದರು. ಅಲ್ಲಿ ಜಡೆ ಹೆಣೆದುಕೊಂಡ ಹಿರಿಯ ಹೆಂಗಸೊಬ್ಬರು ನೆಲದ ಮೇಲೆ ಮೊಣಕಾಲೂರಿ, ಇಳಿಜಾರಾದ ಕರಿಕಲ್ಲಿನ ಮೇಲೆ ಬೆಂದ ಜೋಳವನ್ನು ಗುಂಡುಕಲ್ಲಿನಿಂದ ಅರೆಯುತ್ತಿದ್ದರು.

"ಹ್ವಾಯ್! ಅರೆವ ಕಲ್ಲ್!" ಎಂದರು ಅತ್ತೆ. ಲಂಡನ್ನಿಗೆ ಬಂದ ಮೇಲೆ ಅವರ ಬಾಯಿಂದ ಇಷ್ಟು ಗಟ್ಟಿಯಾದ ಮಾತು ಬಂದದ್ದು ಅದೇ ಮೊದಲು. ಯಾರನ್ನೂ ಕೇಳದೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಲ್ಲಿದ್ದ ಚಾಪೆಯ ಮೇಲೆ ಕೂತು, ಆ ಹೆಂಗಸಿನ ಕೈಯಿಂದ ಗುಂಡುಕಲ್ಲು ಇಸಿದುಕೊಂಡರು!

ಇದು ನನ್ನ ಸಮಯ ಎಂದು ಮುಂದೆ ಹೋದೆ. ಆದರೆ ಆ ಹೆಂಗಸು ಸ್ಪ್ಯಾನಿಷ್‌ನಲ್ಲಿ ಏನೋ ಹೇಳಿದರು. ಅತ್ತೆ ಕುಂದಾಪುರ ಕನ್ನಡದಲ್ಲಿ, "ಹೌದ್, ನೀರ್ ಹೆಚ್ಚ್ ಹಾಕುಕಾಗ, ಹಿಟ್ಟ್ ತೆಳು ಆತ್ತ್" ಎಂದರು. ಆಕೆ "ಸೀ, ಸೀ", ಅಂದರೆ ಹೌದು ಹೌದು, ಎಂದು ತಲೆಯಾಡಿಸಿದರು. ಅತ್ತೆ "ಹಾಂಗೇ ಮತ್ತೆ!" ಎಂದರು. ದುಭಾಷಿಯಾಗಿ ನಡುವೆ ಬಾಗಿದ್ದ ನನ್ನನ್ನು ಇಬ್ಬರೂ ಏಕಕಾಲಕ್ಕೆ ಪಕ್ಕಕ್ಕೆ ಸರಿ ಎಂದು ಕೈಸನ್ನೆ ಮಾಡಿದರು. ಬೆಳಕಿಗೆ ಅಡ್ಡ ಬಂದಿದ್ದೆನಂತೆ!

ವಿನುತಾ ಕಣ್ಣರಳಿಸಿ ಅಮ್ಮನನ್ನೇ ನೋಡುತ್ತಿದ್ದಳು. ಸಂತೋಷವೇ. ಆದರೆ ಮನುಷ್ಯ ಸ್ವಭಾವ ನೋಡಿ, ನನಗೆ ಒಳಗೊಳಗೇ ಚುರುಕ್ ಎಂದಿತು. ಅತ್ತೆಯನ್ನು ಹುರಿದುಂಬಿಸುವ ಜವಾಬ್ದಾರಿ ನನ್ನದು, ಕೀರ್ತಿ ಒಂದು ಕಲ್ಲಿಗೆ! ಊಟವನ್ನಾದರೂ ನಾನೇ ಗೆಲ್ಲಬೇಕೆಂದು ಪಕ್ಕದ ತಿಂಡಿ ಅಂಗಡಿಗೆ ನುಗ್ಗಿದೆ.

ಅಲ್ಲಿ ದಪ್ಪ ಮೀಸೆಯ ಒಬ್ಬ ಮನುಷ್ಯ ಜೋಳದ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ತಮಾಲೆ ಮಾರುತ್ತಿದ್ದ. ಹಲಸಿನೆಲೆಯಲ್ಲಿ ಬೇಯಿಸುವ ನಮ್ಮ ಕೊಟ್ಟೆ ಕಡುಬಿನ ಮೆಕ್ಸಿಕನ್ ಸೋದರ. ನಾನು ಎದೆಯುಬ್ಬಿಸಿ ಸ್ಪ್ಯಾನಿಷ್‌ನಲ್ಲಿ ನಮಸ್ಕಾರ ಹೇಳಿ, ದೂರದಲ್ಲಿದ್ದ ಇಂಚರಳನ್ನು ತೋರಿಸಿ, "ನಾನು ಅವಳ ಅಪ್ಪ" ಎನ್ನುವುದಕ್ಕಾಗಿ "ಸೋಯ್ ಪಾಪ" ಎಂದೆ. ಅವನು ನನ್ನನ್ನು ಆಪಾದಮಸ್ತಕ ನೋಡಿದ. ಅಷ್ಟರಲ್ಲಿ ಇಂಚರ ಓಡಿಬಂದು, "ಅಪ್ಪಾ, ಯು ಜಸ್ಟ್ ಸೆಡ್ ಯು ಆರ್ ಎ ಪೊಟೇಟೊ!" ಎಂದಳು. ಒತ್ತು ಕೊನೆಯ ಅಕ್ಷರಕ್ಕೆ ಬಿದ್ದರೆ ಅಪ್ಪ, ಮೊದಲನೆಯದಕ್ಕೆ ಬಿದ್ದರೆ ಆಲೂಗೆಡ್ಡೆಯಂತೆ. ಕನ್ನಡದಲ್ಲಾದರೂ ಆ ಮಾತು ನನಗೆ ಸರಿಯಾಗಿ ಒಪ್ಪುತ್ತಿತ್ತು. ಪಾಪ!

"ನೀನು ಅಜ್ಜಿ ಹತ್ತಿರ ಹೋಗು, ನಾನು ನೋಡ್ಕೋತೀನಿ" ಎಂದು ಅವಳನ್ನು ಅಟ್ಟಿದೆ. ಇನ್ನು ಮುಖ್ಯ ಪ್ರಶ್ನೆ. ನಾವು ಶುದ್ಧ ಸಸ್ಯಾಹಾರಿಗಳು. ಸ್ಪ್ಯಾನಿಷ್‌ನಲ್ಲಿ ಮಾಂಸಕ್ಕೆ 'ಕಾರ್ನೆ'. ಅದರ ಹಿಂದೆ 'ಸಿನ್' ಹಾಕಿದರೆ ಒಂದು ಅರ್ಥ, 'ಕೋನ್' ಹಾಕಿದರೆ ಇನ್ನೊಂದು. ಮರೆಯಬಾರದೆಂದು ನಾನೇ ಒಂದು ಸೂತ್ರ ಮಾಡಿಕೊಂಡಿದ್ದೆ. ಸಿನ್ ಅಂದರೆ ಇಂಗ್ಲಿಷಿನಲ್ಲಿ ಪಾಪ. ಮಾಂಸ ತಿನ್ನುವುದು ನಮ್ಮಂಥವರಿಗೆ ಪಾಪ. ಆದ್ದರಿಂದ 'ಸಿನ್ ಕಾರ್ನೆ' ಎಂದರೆ ಮಾಂಸ ಇರುವುದು, 'ಕೋನ್ ಕಾರ್ನೆ' ಎಂದರೆ ಮಾಂಸ ಇಲ್ಲದ್ದು. ಎಷ್ಟು ಸರಳ!

"ಕೋನ್ ಕಾರ್ನೆ" ಎಂದೆ. ಅವನು ತಲೆಯಾಡಿಸಿದ. ಅನುಮಾನಕ್ಕೆ ಎಡೆಯಿರಬಾರದೆಂದು ಅತ್ತೆಯತ್ತ ಬೆರಳು ತೋರಿಸಿ, "ಮುಚೋ! ಮುಚೋ ಕೋನ್ ಕಾರ್ನೆ!" ಎಂದು, ಬಹಳ ಎನ್ನುವಂತೆ, ಎರಡೂ ಕೈ ಅಗಲಿಸಿದೆ. ಅವನು ಅತ್ತೆಯ ಕಡೆ ಗೌರವದಿಂದ ನೋಡಿ, ದಪ್ಪನೆಯ ತಮಾಲೆಗಳನ್ನೇ ಆರಿಸಿ ತಟ್ಟೆಗಿಟ್ಟ.

ಅತ್ತೆ ಆಗಷ್ಟೇ ಅರೆದು ಮುಗಿಸಿ ಬೆಂಚಿನ ಮೇಲೆ ಕೂತಿದ್ದರು. ತಟ್ಟೆ ನೋಡಿ, "ಇದ್ ನಮ್ಮ ಕೊಟ್ಟೆ ಕಡುಬೇ ಅಲ್ದಾ ಅಳಿಯಂದ್ರೆ? ಎಲೆ ಒಂದ್ ಬೇರೆ" ಎಂದು ಖುಷಿಯಿಂದ ಸಿಪ್ಪೆ ಬಿಚ್ಚಿದರು. ತುಂಡು ಮುರಿದರು. ಬಾಯಿಯ ಹತ್ತಿರ ಒಯ್ದರು.

"ಅಜ್ಜೀ! ಸ್ಟಾಪ್!" ಮೀಸೆಯವನನ್ನು ವಿಚಾರಿಸಿ ಓಡಿಬಂದ ಇಂಚರ ಅವರ ಕೈ ಹಿಡಿದಳು. "ದೆರ್ ಈಸ್ ಪೋರ್ಕ್ ಇನ್ ಇಟ್!"

ವಿನುತಾ ತಟ್ಟೆ ನೋಡಿದಳು. ನನ್ನನ್ನು ನೋಡಿದಳು. "ಏನಂತ ಕೇಳಿದ್ರಿ?"

"ಕೋನ್ ಕಾರ್ನೆ ಅಂತ..."

"ಕೋನ್ ಮೀನ್ಸ್ ವಿತ್, ಅಪ್ಪಾ" ಎಂದಳು ಇಂಚರ. "ಯು ಆಸ್ಕ್ಡ್ ಫಾರ್ ಎಕ್ಸ್ಟ್ರಾ ಮೀಟ್. ಫಾರ್ ಅಜ್ಜಿ!"

ಅತ್ತೆಗೆ ಇಂಗ್ಲಿಷ್ ಬರದಿದ್ದರೂ ಸಂಗತಿ ಅರ್ಥವಾಯಿತು. ಅವರು ತುಂಡನ್ನು ತಟ್ಟೆಗಿಟ್ಟು, ಕೈ ತೊಳೆದು ಬಂದು, ಬಹಳ ಸೌಮ್ಯವಾಗಿ, "ಅಳಿಯಂದ್ರಿಗೆ ಆ ಭಾಷೆ ಎಷ್ಟ್ ಬತ್ತ್ ಅಂದಿರಿ?" ಎಂದು ಕೇಳಿದರು. ಬೈದಿದ್ದರೆ ಒಳ್ಳೆಯದಿತ್ತು. ಅವರ ಮುಖ ಮತ್ತೆ ಕಿಟಕಿಯ ಪಕ್ಕದ ಮುಖವಾಗತೊಡಗಿತು. ಇಂಚರ ಹೋಗಿ ಚೀಸು, ಮೆಣಸು ತುಂಬಿದ ಬೇರೆ ತಮಾಲೆ ತಂದಳು. ಅದನ್ನೇ ತಿಂದೆವು.

ಹೋದ ಮಾನವನ್ನು ಹೇಗಾದರೂ ಮರಳಿ ತರಬೇಕಿತ್ತು. ಆಗ ನನ್ನ ಕಣ್ಣು ಮೀಸೆಯವನ ಮೇಜಿನ ತುದಿಯಲ್ಲಿದ್ದ ಪುಟ್ಟ ಬಟ್ಟಲಿನ ಮೇಲೆ ಬಿತ್ತು. ಅದರಲ್ಲಿ ಕಿತ್ತಳೆ ಬಣ್ಣದ ಚಟ್ನಿ. ಅವನು ಬೆರಳೆತ್ತಿ, "ಸ್ವಲ್ಪ ಮಾತ್ರ. ಬಹಳ ಖಾರ" ಎಂದು ಇಂಗ್ಲಿಷಿನಲ್ಲೇ ಎಚ್ಚರಿಸಿದ. ನನ್ನ ಸ್ಪ್ಯಾನಿಷ್ ಮೇಲೆ ಅವನಿಗೆ ವಿಶ್ವಾಸ ಹೋಗಿತ್ತು.

"ಅಪ್ಪಾ, ಡೋಂಟ್."

"ರೀ, ಬೇಡ."

"ಮೆಣಸಿನ ನಾಡಿನಿಂದ ಬಂದವರಿಗೆ ಇದೇನು ಮಹಾ!" ಎಂದು ಒಂದು ಚಮಚ ತುಂಬ ಬಾಯಿಗೆ ಸುರಿದುಕೊಂಡೆ.

ಮೊದಲು ಹಣ್ಣಿನಂಥ ಒಂದು ಸಿಹಿ ವಾಸನೆ. ನಾನು ಮುಗುಳ್ನಕ್ಕೆ. ನಕ್ಕ ಬಾಯಿ ಹಾಗೇ ನಿಂತಿತು. ನಾಲಿಗೆ ಇದ್ದ ಜಾಗದಲ್ಲಿ ಯಾರೋ ಕೆಂಡ ಇಟ್ಟರು. ಕಿವಿಯೊಳಗೆ ಕುಕ್ಕರ್ ಕೂಗಿತು. ಕಣ್ಣಲ್ಲಿ ನೀರು ಧಾರಾಕಾರ! ಅದನ್ನು ಒರೆಸಲು ಹೋದ ಬೆರಳಿಗೆ ಚಟ್ನಿ ಮೆತ್ತಿಕೊಂಡಿತ್ತು ಎಂಬುದು ಒರೆಸಿದ ಮೇಲೆ ತಿಳಿಯಿತು.

ಇನ್ನು ಕಣ್ಣೂ ಹೋಯಿತು! "ನೀರು! ನೀರು!" ಎಂದು ಕೂಗುತ್ತಾ ಓಡಿದೆ. ಸ್ಪ್ಯಾನಿಷ್ ಮಾತ್ರವಲ್ಲ, ಇಂಗ್ಲಿಷೂ ಮರೆತುಹೋಗಿತ್ತು. ಹಿಂದಿನಿಂದ ವಿನುತಾ "ರೀ, ಆ ಕಡೆ ಅಲ್ಲ!" ಎಂದು ಕೂಗುತ್ತಿದ್ದಳು. ಮಸುಕು ಮಸುಕಾಗಿ ನನಗೆ ಕಂಡದ್ದು ಒಂದು ದೊಡ್ಡ ಮಣ್ಣಿನ ಬೋಗುಣಿ, ಅದರ ತುಂಬ ತಣ್ಣಗೆ ತುಳುಕುವ ನೀರು. ದೇವರೇ ಇಟ್ಟಂತಿತ್ತು. ಮೊಣಕಾಲೂರಿ, ಕಿವಿ ಮುಳುಗುವವರೆಗೆ ಮುಖ ಅದ್ದಿದೆ.

ಆಹಾ! ಏನು ತಂಪು! ತಲೆಯೆತ್ತಿ ಉಸಿರೆಳೆದು ಮತ್ತೆ ಅದ್ದಿದೆ. ಕಣ್ಣುಜ್ಜಿ ಮತ್ತೊಮ್ಮೆ ಅದ್ದಿದೆ. ಕಡೆಗೆ ಎದ್ದು ತಡಕಾಡಿದಾಗ ಮೆತ್ತನೆಯ ಬಟ್ಟೆಯೊಂದು ಕೈಗೆ ಸಿಕ್ಕಿತು. ಮುಖವನ್ನು ಅದಕ್ಕೆ ಒತ್ತಿ ಚೆನ್ನಾಗಿ ಒರೆಸಿಕೊಂಡು ಕಣ್ಣು ಬಿಟ್ಟೆ.

ಸುತ್ತ ಗುಂಪು ಸೇರಿತ್ತು. ಎದುರಿಗೆ ಕಸೂತಿ ರವಿಕೆಯ ಹೆಂಗಸೊಬ್ಬಳು ಉಣ್ಣೆಯ ನೂಲಿನ ಲಡಿ ಹಿಡಿದು, ಬಾಯಿ ತೆರೆದು ನಿಂತಿದ್ದಳು. ಅವಳು ನೇಕಾರಳು, ಹೆಸರು ಲೂಪೆ ಎಂದು ಆಮೇಲೆ ತಿಳಿಯಿತು. ನೂಲಿಗೆ ಬಣ್ಣ ಹಾಕುವ ಅವಳ ಊರಿನ ಹಳೆಯ ವಿಧಾನವನ್ನು ಜನರಿಗೆ ತೋರಿಸುತ್ತಿದ್ದಳು. ಬೋಗುಣಿಯಲ್ಲಿ ಇದ್ದದ್ದು ನೀರಲ್ಲ. ಬಣ್ಣ. ಕಡುಗೆಂಪು!

ನನ್ನ ಬಿಳಿ ಅಂಗಿ ನೋಡಿಕೊಂಡೆ. ಅದು ಈಗ ಬಿಳಿಯಾಗಿರಲಿಲ್ಲ. ಕೈಯಲ್ಲಿದ್ದ ಬಟ್ಟೆ ನೋಡಿದೆ. ಅವಳೇ ಕೈಮಗ್ಗದಲ್ಲಿ ನೇಯ್ದು ಮಾರಲಿಟ್ಟಿದ್ದ ಹಾಲುಬಿಳುಪಿನ ಮೇಜುಹಾಸು. ಅದರ ನಟ್ಟನಡುವೆ, ಕಣ್ಣು, ಮೂಗು, ತೆರೆದ ಬಾಯಿ ಸಮೇತ, ನನ್ನ ಮುಖ ಅಚ್ಚಾಗಿತ್ತು!

ಆಗ ಹಿಂದಿನಿಂದ ಒಂದು ವಿಚಿತ್ರ ಸದ್ದು ಕೇಳಿಸಿತು. ಹಳೆಯ ಸ್ಕೂಟರ್ ಸ್ಟಾರ್ಟ್ ಆಗುವಾಗ ಬರುವಂಥದ್ದು. ತಿರುಗಿ ನೋಡಿದರೆ ಅತ್ತೆ! ಸೆರಗು ಬಾಯಿಗೆ ಒತ್ತಿಕೊಂಡು, ಭುಜ ಕುಲುಕಿಸುತ್ತಾ, ತಡೆಯಲಾರದೆ ನಗುತ್ತಿದ್ದರು. ಸೆರಗು ಕೈಬಿಟ್ಟರು. ನಗು ಕಮಾನಿಗೆ ಬಡಿದು ಮಾರ್ದನಿಸಿತು.

"ಬಣ್ಣದ ವೇಷ! ವಿನುತಾ, ಕಾಣೇ, ಬಣ್ಣದ ವೇಷ! ಚೆಂಡೆ ಒಂದ್ ಕಮ್ಮಿ!"

ಯಕ್ಷಗಾನದಲ್ಲಿ ರಾಕ್ಷಸ ಪಾತ್ರಕ್ಕೆ ಬಣ್ಣದ ವೇಷ ಎನ್ನುತ್ತಾರೆ. ಅದೇ ಗಳಿಗೆಗೆ ಆಚೆ ಕಮಾನಿನ ವಾದ್ಯದವರು ತಮ್ಮ ಪಾಡಿಗೆ ತಾವು ಧಡಧಡ ಡೋಲು ಬಾರಿಸಬೇಕೆ! ಅತ್ತೆ ನಗುವ ರಭಸಕ್ಕೆ ಲೂಪೆಯ ಸ್ಟೂಲಿನ ಮೇಲೆ ಕುಸಿದು ಕೂತರು. ಅದನ್ನು ನೋಡಿ ಲೂಪೆ ನಕ್ಕಳು. ವಿನುತಾ ನಗುತ್ತಾ ಅಳುತ್ತಿದ್ದಳೋ, ಅಳುತ್ತಾ ನಗುತ್ತಿದ್ದಳೋ ಹೇಳಲಾರೆ. ಇಂಚರ ವಿಡಿಯೋ ಮಾಡುತ್ತಿದ್ದಳು.

"ಕಣ್ಣಿಗೇನೂ ತೊಂದರೆ ಇಲ್ಲ ತಾನೆ?" ವಿನುತಾ ಆತಂಕದಿಂದ ಕೇಳಿದಳು.

"ಹೆದರಬೇಡಿ" ಎಂದಳು ಲೂಪೆ, ಇಂಗ್ಲಿಷಿನಲ್ಲಿ, ಒಳ್ಳೆಯ ನೀರು ತಂದು ನನ್ನ ಕಣ್ಣು ತೊಳೆಸುತ್ತಾ. "ಇದನ್ನ ಲಿಪ್‌ಸ್ಟಿಕ್‌ಗೂ ಹಾಕ್ತಾರೆ, ಮಿಠಾಯಿಗೂ ಹಾಕ್ತಾರೆ. ಪಾಪಸುಕಳ್ಳಿ ಮೇಲೆ ಬದುಕುವ ಹುಳುಗಳನ್ನ ಒಣಗಿಸಿ, ಪುಡಿ ಮಾಡಿ ತೆಗೆದ ಬಣ್ಣ."

ವಿನುತಾ ಇದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ಅತ್ತೆ ನಗು ನಿಲ್ಲಿಸಿ, "ಹುಳವಾ? ಅಳಿಯಂದ್ರೆ, ಬಾಯಿ ಮುಚ್ಕಣಿ!" ಎಂದು ಚೀರಿದರು. ಅಷ್ಟರಲ್ಲಿ ನಾನು ಎಷ್ಟು ಹುಳುಗಳ ಸಾರ ಸೇವಿಸಿದ್ದೆನೋ. ಬೆಳಗ್ಗೆ ಅತ್ತೆಯ ಮಡಿ ಕಾಯಲು ಹೊರಟವನು ಮಧ್ಯಾಹ್ನಕ್ಕೆ ನನ್ನದನ್ನೇ ಕಳೆದುಕೊಂಡಿದ್ದೆ!

"ಮುಖದ ಬಣ್ಣ ಯಾವಾಗ ಹೋಗುತ್ತೆ?" ಎಂದು ಕೇಳಿದೆ.

ಲೂಪೆಯ ಮುಖ ಹೆಮ್ಮೆಯಿಂದ ಅರಳಿತು. "ನಮ್ಮ ಬಣ್ಣದ ಹೆಚ್ಚುಗಾರಿಕೆಯೇ ಅದು! ಎಷ್ಟು ತೊಳೆದರೂ ಹೋಗಲ್ಲ..." ಎಂದವಳು ನನ್ನನ್ನು ನೋಡಿ ಅರ್ಧಕ್ಕೇ ನಿಲ್ಲಿಸಿದಳು.

ಮೇಜುಹಾಸನ್ನು ಕೊಳ್ಳದೆ ವಿಧಿಯಿರಲಿಲ್ಲ. ಅದನ್ನು ಮಡಿಸುತ್ತಿದ್ದಾಗ ಕ್ಯಾಮೆರಾ ನೇತುಹಾಕಿಕೊಂಡ ಪ್ರವಾಸಿ ದಂಪತಿ ಬಂದು, "ಇದು ಯಾವ ಬುಡಕಟ್ಟಿನ ದೇವರು? ಇಂಥದ್ದೇ ಇನ್ನೊಂದು ಇದೆಯಾ?" ಎಂದು ಕೇಳಿದರು.

"ದಟ್ಸ್ ಮೈ ಡ್ಯಾಡ್" ಎಂದಳು ಇಂಚರ.

ಸಂತೆ ಬಿಡುವ ಮುನ್ನ ಅತ್ತೆ ಇನ್ನೊಂದು ಬೇಡಿಕೆ ಇಟ್ಟರು. ಮೂರು ಕಾಲಿನ ಪುಟ್ಟ ಒರಳುಕಲ್ಲೊಂದು ಅವರ ಮನಸ್ಸಿಗೆ ಬಂದಿತ್ತು. ಪುಟ್ಟದೆಂಬುದು ನೋಡುವಾಗ. ಹೊತ್ತಾಗ ಅದು ಬೆಟ್ಟ. ಕೆಂಪು ಮುಖ, ಕೆಂಪು ಅಂಗಿ, ಹೆಗಲ ಮೇಲೆ ಕರಿಬಂಡೆ. ಹೀಗೆ ನಾನು ಟ್ಯೂಬ್ ಹತ್ತಿದಾಗ ಲಂಡನ್ನಿನ ಜನ ಎಂದಿನಂತೆ ನೋಡಿಯೂ ನೋಡದಂತೆ ಪತ್ರಿಕೆಗಳ ಹಿಂದೆ ಅಡಗಿದರು. ನನ್ನ ಎರಡೂ ಪಕ್ಕದ ಸೀಟುಗಳು ಖಾಲಿಯಾದವು. ಅತ್ತೆ ಒಂದರಲ್ಲಿ ಕೂತರು, ಒರಳುಕಲ್ಲು ಇನ್ನೊಂದರಲ್ಲಿ ಕೂತಿತು!

ವೆಂಬ್ಲಿ ಪಾರ್ಕ್‌ನಲ್ಲಿ ರೈಲು ಬದಲಿಸುವಾಗ ಯಾರು ಸಿಗಬಾರದಿತ್ತೋ ಅವರೇ ಸಿಕ್ಕರು. ಕೆಂಟನ್‌ನಲ್ಲಿರುವ ನಮ್ಮ ಪರಿಚಯದ ರಾಯರು. ಊರಿನ ಕನ್ನಡಿಗರ ಯಾವ ಕಾರ್ಯಕ್ರಮವನ್ನೂ ತಪ್ಪಿಸದವರು. ನನ್ನನ್ನು ಕಂಡು ಅವರ ಮುಖ ಬಾಡಿತು.

"ಏನ್ರೀ ಇದು, ಯಕ್ಷಗಾನ ಇತ್ತಾ? ನಮಗೆ ಒಂದು ಮಾತು ಹೇಳಬಾರದಿತ್ತೇ?"

ನಾನು ಬಾಯಿ ತೆರೆಯುವ ಮುನ್ನವೇ ಅತ್ತೆ, "ಇತ್ತ್ ಮಾರಾಯ್ರೆ, ಈಗ ಮುಗೀತ್. ಭಾರೀ ಲಾಯ್ಕ್ ಆಯ್ತ್" ಎಂದರು.

ಸೋಪು, ಕಡಲೆಹಿಟ್ಟು, ನಿಂಬೆರಸ, ವಿನುತಾಳ ಬೆಲೆಬಾಳುವ ಕ್ರೀಮು ಎಲ್ಲ ಹಚ್ಚಿ ಉಜ್ಜಿದರೂ ಸೋಮವಾರ ಬೆಳಗ್ಗೆ ನನ್ನ ಮುಖ ಗುಲಾಬಿ ಬಣ್ಣಕ್ಕೆ ಬಂದು ಅಲ್ಲೇ ಹಟ ಹಿಡಿದು ನಿಂತಿತು. ಆಫೀಸಿನಲ್ಲಿ ಇಂಗ್ಲಿಷರ ಸೌಜನ್ಯ ನೋಡಬೇಕಿತ್ತು! ಯಾರೂ ಮುಖದ ಮಾತೆತ್ತಲಿಲ್ಲ. "ವಾರಾಂತ್ಯದಲ್ಲಿ ಬಿಸಿಲು ಚೆನ್ನಾಗಿತ್ತು, ಅಲ್ಲವೇ?" ಎಂದಷ್ಟೇ ಕೇಳಿ ಮುಂದೆ ಹೋದರು. ಮ್ಯಾನೇಜರ್ ಮಾತ್ರ ಒಂದಿಷ್ಟು ದೂರದಲ್ಲೇ ನಿಂತು, ಡಾಕ್ಟರ ಹತ್ತಿರ ಹೋಗಿ ಬರುವುದಾದರೆ ಮನೆಯಿಂದಲೇ ಕೆಲಸ ಮಾಡಬಹುದು ಎಂದು ಪ್ರೀತಿಯಿಂದ ಒತ್ತಾಯಿಸಿದರು.

ಮನೆಯಲ್ಲಿ ಮಾತ್ರ ಹಬ್ಬ! ಅತ್ತೆ ಒರಳುಕಲ್ಲನ್ನು ತೊಳೆದು, ಅಕ್ಕಿ ಹಾಕಿ ಅರೆದು ಪಳಗಿಸಿ, ಕಾಯಿಚಟ್ನಿ ಮಾಡಿದರು. ಬಡಿಸಿಕೊಂಡು ತಾವೇ ಎರಡನೆಯ ಸಲ ಹಾಕಿಸಿಕೊಂಡರು. ಟಿಕೆಟ್ಟಿನ ಸುದ್ದಿ ಎತ್ತಲೇ ಇಲ್ಲ. ಅಜ್ಜಿಯ ಮಾತಿಗೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ ಇಂಚರ ಈಗ ಅಜ್ಜಿಯ ಜೊತೆ ಸೋಫಾದಲ್ಲಿ ಕೂತು ಆ ವಿಡಿಯೋ ಹಾಕಿಕೊಂಡು, "ಅಜ್ಜಿ, ಬಣ್ಣದ ವೇಷ ಕಾಣ್!" ಎಂದು ಶುದ್ಧ ಕುಂದಾಪುರ ಕನ್ನಡದಲ್ಲಿ ಕಿರುಚುತ್ತಿದ್ದಳು. ಕೋಟೇಶ್ವರ, ಬೈಂದೂರು, ಶಿವಮೊಗ್ಗ, ಎಲ್ಲೆಲ್ಲಿ ನೆಂಟರಿದ್ದಾರೋ ಅಲ್ಲಿಗೆಲ್ಲ ಫೋನ್ ಹೋಯಿತು. ಪ್ರತಿ ಫೋನಿನಲ್ಲೂ ಕಥೆ ಬೆಳೆಯಿತು. ಕೊನೆಯ ಆವೃತ್ತಿಯಲ್ಲಿ ನಾನು ಬೋಗುಣಿಯೊಳಗೆ ಪೂರ್ತಿ ಬಿದ್ದಿದ್ದೆ, ನಾಲ್ಕು ಜನ ಸೇರಿ ಎತ್ತಿದ್ದರು.

ಇರಬೇಕಾದಷ್ಟು ದಿನ ಪೂರ್ತಿ ಇದ್ದು ಅತ್ತೆ ಊರಿಗೆ ಹೊರಟರು. ಸೂಟ್‌ಕೇಸ್ ತುಂಬುವಾಗ, "ಆ ಮೇಜುಹಾಸ್ ನಾನ್ ಕೊಂಡ್ಹೋತೆ, ಆತ್ತಾ?" ಎಂದು ನನ್ನನ್ನೇ ಕೇಳಿದರು. ನಾನೇ ಅದನ್ನು ಮಡಿಸಿ ಅವರ ಸೀರೆಗಳ ನಡುವೆ ಇಟ್ಟೆ. ಅಳಿಯನ ಮುಖವನ್ನು ಕಣ್ಣೆದುರು ಇಟ್ಟುಕೊಳ್ಳಬೇಕೆಂದು ಎಷ್ಟು ಅತ್ತೆಯಂದಿರಿಗೆ ಅನ್ನಿಸೀತು? ಅದಕ್ಕೆ ಕಟ್ಟು ಹಾಕಿಸಿ ಹಾಲ್‌ನಲ್ಲಿ, ಮಾವನವರ ಫೋಟೋದ ಪಕ್ಕ ತೂಗುಹಾಕುತ್ತಾರೆಂದು ಊಹಿಸಿಕೊಂಡು ಕೆಲವು ದಿನ ಹಿಗ್ಗಿದೆ. ವಿನುತಾಗೂ ಹೇಳಿದೆ. ಅವಳು, "ಇರಬಹುದು" ಎಂದಳು.

ಮೊನ್ನೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಬಂತು. ಹಿತ್ತಲಿನ ಬಸಳೆ ಚಪ್ಪರ. ಅದರ ಮುಂದೆ ನೆಟ್ಟ ಬಿದಿರ ಗಳುವಿಗೆ, ಗಾಳಿಗೆ ಪಟಪಟ ಹಾರುವಂತೆ, ನನ್ನ ಮುಖ! ಜೊತೆಗೆ ಅತ್ತೆಯ ಧ್ವನಿ ಸಂದೇಶ.

"ಅಳಿಯಂದ್ರೆ, ಎಂಥಾ ಉಪಕಾರ ಆಯ್ತ್ ಮಾರಾಯ್ರೆ! ಇದ್ ಕಟ್ಟಿದ ಮೇಲೆ ಹಿತ್ಲಿಗೆ ಒಂದ್ ಮಂಗ ಸೈತ ಬತ್ತಿಲ್ಲೆ. ಪಕ್ಕದ್ಮನೆಯವ್ರಿಗೂ ಒಂದ್ ಬೇಕಂಬ್ರ್. ನಿಮ್ಗೆ ಇನ್ನೊಂದ್ ಸಲ ಆ ಸಂತೆಗೆ ಹೋಪುಕೆ ಆತ್ತಾ?"

ವಿನುತಾ ಮುಂದಿನ ಸಂತೆ ಯಾವ ಭಾನುವಾರ ಎಂದು ಆಗಲೇ ಫೋನಿನಲ್ಲಿ ಹುಡುಕುತ್ತಿದ್ದಾಳೆ.